ಬೆಂಕಿ ತೋರಿಸಿದ ಅಂಚು

ಮ್ಯಾನೇಜರ್ರು ಬೆಳಿಗ್ಗೆಯಿಂದ ಬಾಯಿಗೆ ಏನೂ ಹಾಕಿಲ್ಲ ಅಂತ ಮಾವನ ಫೋನು ಬಂದಾಗ ಬೋರ್ಡಮ್ಮ ಏಣಿ ಮೇಲಿದ್ಲು, ಕೈಯಲ್ಲಿ ಒಂದು ಔಷಧಿ ಅಂಗಡಿ ಬೋರ್ಡಿನ ಕೊನೇ ಅಕ್ಷರ. ಅದನ್ನ ಅಂಟಿಸಿದ್ದೇ ಅಂಟಿಸಿದ್ದು, ಇಳಿದು ಒಂದೇ ಓಟ.

ಮ್ಯಾನೇಜರ್ರು ಅಂದ್ರೆ ಮನುಷ್ಯರಲ್ಲ, ಮೀನು. ಆಸ್ಕರ್ ಅನ್ನೋ ಜಾತಿದು, ಹನ್ನೊಂದು ವರ್ಷ ವಯಸ್ಸು, ಒಂದು ಅಡಿಗೆ ಎರಡು ಬೆರಳು ಕಮ್ಮಿ ಉದ್ದ. ಮಾವ ಮೂವತ್ತು ವರ್ಷ ಬಸ್ಸು ಓಡಿಸಿ ರಿಟೈರ್ ಆದೋರು. ಮೀನಿನ ದಪ್ಪ ತುಟಿ, ನಿಮ್ಮನ್ನ ಮೇಲಿಂದ ಕೆಳಗೆ ಅಳೆದು ನೋಡೋ ಕಣ್ಣು, ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ಮೂರು ದಿನ ಮಾತು ಬಿಡೋ ಬುದ್ಧಿ, ಎಲ್ಲಾ ಡಿಪೋ ಮ್ಯಾನೇಜರ್ ಥರಾನೇ ಇದೆ ಅಂತ ಅವರೇ ಇಟ್ಟ ಹೆಸರು. ಅತ್ತೆ ಮಾತ್ರ ಅದನ್ನ 'ನನ್ನ ಸವತಿ' ಅಂತಾರೆ. ಬೋರ್ಡಮ್ಮ ಅಂತ ಸೊಸೆಗೆ ಹೆಸರಿಟ್ಟಿದ್ದೂ ಮಾವನೇ. ಅಂಗಡಿ ಬೋರ್ಡುಗಳಿಗೆ ಅಕ್ರಿಲಿಕ್ ಅಕ್ಷರ ಕತ್ತರಿಸೋದು ಅವಳ ಕಸುಬು.

ಮನೆ ಹೊಕ್ಕಾಗ ನಡುಮನೆ ತುಂಬಾ ಬಕೆಟ್ಟು, ನೆಲದ ಮೇಲೆ ಹಳೇ ಬೆಡ್‌ಶೀಟು, ಅದರ ಮೇಲೆ ಗಾಜಿನ ಚೂರು. ಮೀನಿನ ತೊಟ್ಟಿ ಸರಿಯಾಗೇ ಇತ್ತು. ಒಡೆದಿದ್ದು ಅದರ ಕೆಳಗಿನ ಬೀರುವಲ್ಲಿದ್ದ ಸಂಪು. ತೊಟ್ಟಿ ನೀರು ಪೈಪಲ್ಲಿ ಇಳಿದು ಈ ಡಬ್ಬಕ್ಕೆ ಬರುತ್ತೆ, ಒಳಗಿನ ಸ್ಪಂಜು, ಪಿಂಗಾಣಿ ಉಂಗುರ ಎಲ್ಲಾ ದಾಟಿ ಶುದ್ಧ ಆಗುತ್ತೆ, ಮೋಟರು ಅದನ್ನ ವಾಪಸ್ ಮೇಲೆ ತಳ್ಳುತ್ತೆ. ಆ ಡಬ್ಬ ಹೋಯ್ತು ಅಂದ್ರೆ ಅಷ್ಟು ದೊಡ್ಡ ಮೀನು ತನ್ನ ಹೊಲಸಲ್ಲೇ ತಾನು ಉಸಿರಾಡ್ತಾ ಇರಬೇಕು.

"ಒಡೆದಿದ್ದೇ ಒಳ್ಳೇದಾಯ್ತು ಬಿಡು," ಅಂದ್ರು ಅತ್ತೆ, ನೆಲದ ಬಟ್ಟೆ ಹಿಂಡ್ತಾ. "ನಿಮ್ಮ ಮಾವ ಆ ಡಬ್ಬ ಇಟ್ಕೊಂಡು ಸುತ್ತ ಬೀರು ಕಟ್ಟಿದ್ದು. ಒಡೀದೇ ಇದ್ದಿದ್ರೆ ಆಚೆ ತೆಗೆಯೋಕೇ ಆಗ್ತಿರ್ಲಿಲ್ಲ."

"ನೀನು ಸುಮ್ನಿರೇ."

ಮಾವ ಕಿಟಕಿ ಹತ್ರ ನಿಂತು ಒಂದು ಪುಟ್ಟ ಗಾಜಿನ ನಳಿಕೆ ಬೆಳಕಿಗೆ ಹಿಡಿದಿದ್ರು. ತೊಟ್ಟಿ ನೀರಿಗೆ ಔಷಧಿ ಹನಿ ಹಾಕಿ ನೋಡೋ ಪರೀಕ್ಷೆ. ಹಳದಿ ಬಂದ್ರೆ ಕ್ಷೇಮ. ಹಸಿರು ಬಂದ್ರೆ ವಿಷ ಏರ್ತಾ ಇದೆ ಅಂತ ಅರ್ಥ. ಕಿಟಕಿ ಕಟ್ಟೆ ಮೇಲೆ ಬೆಳಿಗ್ಗೆ ಆರರದ್ದು, ಹತ್ತರದ್ದು, ಒಂದರದ್ದು ಸಾಲಾಗಿ ನಿಂತಿದ್ವು. ಒಂದಕ್ಕಿಂತ ಒಂದು ಹಸಿರು.

"ಆ ಉಂಗುರಗಳನ್ನ ಬಲೆ ಚೀಲಕ್ಕೆ ಹಾಕಿ ತೊಟ್ಟಿ ಒಳಗೇ ಬಿಡಿ ಮಾವ, ಸ್ವಲ್ಪ ತಡೆಯುತ್ತೆ."

"ಬಿಟ್ಟಿದ್ದೆ ಕಣೇ. ಚೀಲ ಹರಿದು ಒಂದೊಂದೇ ಉಂಗುರ ಬಾಯಿಗೆ ಹಾಕ್ಕೊಂಡು ಉಗುಳ್ತು. ಗಂಟಲಲ್ಲಿ ಸಿಕ್ಕಿಕೊಂಡ್ರೆ ಏನ್ ಗತಿ ಅಂತ ತೆಗೆದೆ." ಮಾವನ ದನಿ ಸಣ್ಣಗಾಗಿತ್ತು. "ಗಾಜಿನೋನು ಹತ್ತು ದಿನ ಅಂತಾನೆ. ಅಂಗಡೀಲಿ ಸಿಗೋದು ಯಾವ್ದೂ ಈ ಬಾಗಿಲಲ್ಲಿ ತೂರಲ್ಲ. ದಿನಕ್ಕೆ ನಾಲ್ಕು ಸಲ ನೀರು ಬದಲಾಯಿಸಿದ್ರೂ ಎರಡು ದಿನ ತಡೀಬಹುದು. ಮೂರನೇ ದಿನ ನನಗೆ ಗೊತ್ತಿಲ್ಲ."

ತೊಟ್ಟಿ ಒಳಗೆ ಮ್ಯಾನೇಜರ್ರು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆಗೆದು ಮುಚ್ಚಿ ಮಾಡ್ತಾ ಇದ್ರು. ಕಿವಿರು ಪಟಪಟ.

"ನಾಳೆ ಸಾಯಂಕಾಲ ಐದಕ್ಕೆ ನಿಮ್ಮ ಮೋಟರು ಓಡುತ್ತೆ ಮಾವ," ಅಂದ್ಲು ಬೋರ್ಡಮ್ಮ. ಯಾರೂ ಕೇಳಿರ್ಲಿಲ್ಲ. ಬಾಯಿಂದ ತಾನಾಗೇ ಬಂತು.

ಅಳತೆ ಮೂರು ಸಲ ತಗೊಂಡ್ಲು. ತನ್ನ ಅಂಗಡಿಗೆ ಬಂದು ಎಂಟು ಮಿಲಿಮೀಟರ್ ದಪ್ಪದ ಶೀಟು ಮೇಜಿನ ಮೇಲೆ ಮಲಗಿಸಿ ಗೆರೆ ಎಳೆದ್ಲು. ತಳ ಒಂದು, ಉದ್ದದ ಗೋಡೆ ಎರಡು, ಅಡ್ಡದ್ದು ಎರಡು, ನೀರು ಹತ್ತಿ ಇಳಿದು ಹೋಗೋಕೆ ಒಳಗೆ ಮೂರು ತಡೆಗೋಡೆ. ಶೀಟಿನ ಎರಡೂ ಕಡೆ ಅಂಟಿರೋ ಕಾಗದ ತೆಗೀಲಿಲ್ಲ, ತೆಗೆದ್ರೆ ಗೀರು ಬೀಳುತ್ತೆ. ಮೇಜಿನ ಗರಗಸ ಹಾಕಿದ್ಲು. ಇದರಲ್ಲಿ ಅವಸರ ಮಾಡಿದ್ರೆ ಅಂಚು ಚಕ್ಕೆ ಏಳುತ್ತೆ, ನಿಧಾನ ಮಾಡಿದ್ರೆ ಶೀಟು ಬಿಸಿಯಾಗಿ ಕರಗಿ ಹಲ್ಲಿಗೆ ಮೆತ್ತಿಕೊಳ್ಳುತ್ತೆ. ಒಂದೇ ವೇಗದಲ್ಲಿ ತಳ್ಳಬೇಕು, ಮನಸ್ಸಲ್ಲಿ ಮೀನು ಬಾಯಿ ತೆಗೀತಾ ಇದ್ರೂ ಕೈ ನಡುಗಬಾರದು. ಎಂಟು ತುಂಡು ಬಿತ್ತು. ಒಂದೂ ಕೆಡಲಿಲ್ಲ.

ಗರಗಸದ ಅಂಚು ಅಂದ್ರೆ ಮಬ್ಬು ಬಿಳಿ, ಉದ್ದಕ್ಕೂ ಹಲ್ಲಿನ ಗೆರೆ. ಬೋರ್ಡಮ್ಮನಿಗೆ ಅದನ್ನ ನೋಡಿದ್ರೆ ತಲೆ ಬಾಚದೇ ಮದುವೆ ಮನೆಗೆ ಹೋದಂಗೆ ಆಗುತ್ತೆ. ಅವಳ ಕೈಯಿಂದ ಆಚೆ ಹೋದ ಒಂದು ಅಕ್ಷರಾನೂ ಹಂಗೆ ಹೋಗಿಲ್ಲ. ಗ್ಯಾಸ್ ಟಾರ್ಚ್ ಹಚ್ಚಿದ್ಲು. ನೀಲಿ ಜ್ವಾಲೆ ಅಂಚಿನ ಮೇಲೆ ಒಂದು ಸಲ ಹಾಯಿಸಿದ್ರೆ ಸಾಕು, ಮಬ್ಬು ಹೋಗಿ ಒಳಗೆ ನೀರು ತುಂಬಿದಂಗೆ ಹೊಳೆಯುತ್ತೆ. ಎಂಟು ತುಂಡಿನ ಒಂದೊಂದು ಅಂಚಿಗೂ ಹಂಗೇ ಹಾಯಿಸಿದ್ಲು. ಮಾವ ನೋಡ್ಲಿ, ಇಂಥದ್ದು ದುಡ್ಡು ಕೊಟ್ರೂ ಸಿಗಲ್ಲ ಅನ್ನೋ ಖುಷಿ.

ಅಕ್ರಿಲಿಕ್ ಜೋಡಿಸೋಕೆ ಗೋಂದಲ್ಲ, ನೀರಿನಷ್ಟೇ ತೆಳ್ಳಗಿರೋ ಒಂದು ಕೆಮಿಕಲ್ಲು. ಅದು ಅಂಟಿಸೋದಿಲ್ಲ, ಎರಡೂ ತುಂಡನ್ನ ಚೂರು ಕರಗಿಸಿ ಒಂದು ಮಾಡುತ್ತೆ. ಗೋಡೆ ನಿಲ್ಲಿಸಿ, ಸಂದಿಗೆ ಅಂಗೈ ಅಗಲಕ್ಕೊಂದರಂತೆ ಗುಂಡುಸೂಜಿ ಇಟ್ಟು, ಸಿರಿಂಜಿಂದ ಬಿಟ್ಟರೆ ತಾನಾಗೇ ಸಂದಿ ಉದ್ದಕ್ಕೂ ಓಡುತ್ತೆ. ಅರ್ಧ ನಿಮಿಷ ಕಾದು ಸೂಜಿ ಕಿತ್ತು ಮೇಲೆ ಭಾರ ಇಡಬೇಕು. ಉಸಿರು ಹಿಡ್ಕೊಂಡು ಒಂದೊಂದೇ ಸಂದಿ ಮುಗಿಸಿದ್ಲು. ಒಳಗೆ ಅಲ್ಲಲ್ಲಿ ಏನೋ ಮಿಣಿಮಿಣಿ ಅಂತ ಮಿಂಚಿತು. ಟ್ಯೂಬ್‌ಲೈಟಿನ ಬೆಳಕು ಅಂದುಕೊಂಡ್ಲು. ಚೆನ್ನಾಗಿದೆ ಅಂತಲೂ ಅಂದುಕೊಂಡ್ಲು.

ಮಾರನೇ ದಿನ ಮಧ್ಯಾಹ್ನ ಸಂಪು ಬೀರು ಬಾಗಿಲಲ್ಲಿ ಬೆಣ್ಣೆ ಜಾರಿದಂಗೆ ಒಳಗೆ ಹೋಯ್ತು. ನೀರು ತುಂಬಿಸಿದ್ರು, ಸುತ್ತ ನ್ಯೂಸ್‌ಪೇಪರ್ ಹಾಸಿದ್ರು, ಒಂದು ಹನಿ ಇಲ್ಲ.

"ಅಂಚು ನೋಡೇ, ವಜ್ರ ಇದ್ದಂಗಿದೆ," ಅಂತ ಮಾವ ಅತ್ತೆಗೆ ತೋರಿಸಿದ್ರು.

"ನನ್ನ ಮೂಗುಬೊಟ್ಟಿಗಿಂತ ಚೆನ್ನಾಗಿದೆ. ಸವತಿಗೆ ಅಂದ್ರೆ ಸುಮ್ನೇನಾ?"

"ಐದು ಗಂಟೆವರೆಗೂ ಬರೀ ನೀರು ನಿಂತಿರ್ಲಿ," ಅಂದ್ಲು ಬೋರ್ಡಮ್ಮ. "ನಾನು ಬಂದ ಮೇಲೆ ಮೋಟರ್ ಹಾಕೋಣ. ಮುಚ್ಚಳಕ್ಕೆ ಒಂದು ಪಟ್ಟಿ ಬೇಕು, ಶೀಟಜ್ಜನ ಹತ್ರ ಹೋಗಿ ಬರ್ತೀನಿ."

ಶೀಟಜ್ಜ ಅಂದ್ರೆ ಅವಳಿಗೆ ಶೀಟು ಕೊಡೋ ಅಂಗಡಿಯ ಮುದುಕರು. ವಯಸ್ಸಿದ್ದಾಗ ಲ್ಯಾಬುಗಳಿಗೆ ಅಕ್ರಿಲಿಕ್ ತೊಟ್ಟಿ ಮಾಡಿಕೊಡ್ತಿದ್ದೋರು, ಈಗ ಗಲ್ಲಾದ ಹಿಂದೆ ಕೂತು ಬರೋರನ್ನೆಲ್ಲ ಬೈಯೋದು ಕೆಲಸ. ಬೋರ್ಡಮ್ಮ ಪಟ್ಟಿ ಕೇಳಿದ್ಲು, ಜೊತೆಗೆ ಕೇಳದೇ ಇದ್ರೂ ಸಂಪಿನ ಕಥೆ ಪೂರ್ತಿ ಹೇಳಿದ್ಲು.

"ಪರವಾಗಿಲ್ವೇ," ಅಂದ್ರು ಅಜ್ಜ. "ಅಕ್ಷರ ಬಿಟ್ಟು ತೊಟ್ಟಿಗೆ ಬಂದ್ಯಾ. ಅಂಚು ಹೆಂಗೆ ಸಾಫ್ ಮಾಡಿದೆ? ಬ್ಲೇಡಲ್ಲಿ ಕೆರೆದ್ಯಾ, ಉಪ್ಪುಕಾಗದ ಹಾಕಿದ್ಯಾ?"

"ಅಯ್ಯೋ ಅಜ್ಜ, ನಾನು ಉಪ್ಪುಕಾಗದ ಹಾಕ್ತೀನಾ? ಟಾರ್ಚ್ ತೋರಿಸಿದೆ. ಮುಖ ನೋಡ್ಕೋಬಹುದು."

ಅಜ್ಜ ಪಟ್ಟಿ ಕೆಳಗಿಟ್ರು.

"ಅಂಟಿಸೋ ಮುಂಚೆ ತೋರಿಸಿದ್ಯೋ, ಅಂಟಿಸಿದ ಮೇಲೋ?"

"ಮುಂಚೆ."

ಅಜ್ಜ ಬೈಯ್ಯಲಿಲ್ಲ.

"ಬೆಂಕಿ ತಾಗಿದ ಅಂಚು ಒಳಗೊಳಗೇ ಬಿಗೀತದೆ ಕಣಮ್ಮ," ಅಂದ್ರು ನಿಧಾನಕ್ಕೆ. "ಮೇಲೆ ಕಾಣಲ್ಲ. ಆ ಬಿಗಿ ಮೇಲೆ ನಿನ್ನ ಕೆಮಿಕಲ್ ಬಿತ್ತು ಅಂದ್ರೆ ಕೂದಲೆಳೆ ಥರ ಸಾವಿರ ಬಿರುಕು ಏಳ್ತದೆ. ಅಕ್ಷರಕ್ಕೆ ಏನಾಗಲ್ಲ, ಅದು ಟೇಪಲ್ಲಿ ಕೂತಿರ್ತದೆ, ಭಾರ ಹೊರಲ್ಲ. ನೀರು ಹಂಗಲ್ಲ. ಇಪ್ಪತ್ನಾಲ್ಕು ಗಂಟೇನೂ ತಳ್ತಾನೇ ಇರ್ತದೆ. ಜೋಡಿಸಿದಾಗ ಸಂದಿ ಒಳಗೆ ಏನಾದ್ರೂ ಮಿಂಚ್ತಾ?"

ಟ್ಯೂಬ್‌ಲೈಟು. ಟ್ಯೂಬ್‌ಲೈಟು ಅಂದುಕೊಂಡಿದ್ದು.

ಮಾವನಿಗೆ ಫೋನ್ ಮಾಡಿದ್ಲು, ಎತ್ತಲಿಲ್ಲ. ಅತ್ತೆಗೆ ಮಾಡಿದ್ಲು.

"ಅತ್ತೆ, ಮೋಟರ್ ಹಾಕಬೇಡಿ ಅಂತ ಮಾವನಿಗೆ ಹೇಳಿ."

"ಆಗಲೇ ಹಾಕಿ ಆಯ್ತಲ್ಲೇ. ಐದು ಗಂಟೆವರೆಗೂ ತಡೆಯೋ ಜೀವಾನಾ ಅದು? ಈಗ ಗಾಜಿಗೆ ಮುಖ ಅಂಟಿಸ್ಕೊಂಡು ಮೀನಿಗೆ ಏನೋ ಸಮಾಧಾನ ಹೇಳ್ತಾ ಇದ್ದಾರೆ. ಕರೀಲಾ?"

"ಬೇಡ. ನಾನೇ ಬರ್ತೀನಿ."

ಗಾಡಿ ಸಿಗ್ನಲ್ಲಲ್ಲಿ ನಿಂತಾಗೆಲ್ಲ ಅವಳ ತಲೆ ಲೆಕ್ಕ ಹಾಕ್ತಾ ಇತ್ತು. ಎಪ್ಪತ್ತು ಲೀಟರ್ ನೀರು. ಎಂಟು ಮಿಲಿಮೀಟರ್ ಅಂಚು. ಈಗ ಒಡೆದ್ರೆ ಮನೇಲಿ ಜನ ಇದ್ದಾರೆ, ಸರಿ. ನಾಳಿದ್ದೋ ಮುಂದಿನ ವಾರಾನೋ, ಇಬ್ರೂ ಆಚೆ ಹೋದಾಗ ಒಡೆದ್ರೆ? ನೀರೆಲ್ಲ ನೆಲದ ಮೇಲೆ, ಮೋಟರು ಒಣಗಿ ಸುಟ್ಟು, ಗಾಳಿ ಇಲ್ಲ, ಶುದ್ಧಿ ಇಲ್ಲ. ಮೀನು ಒಂಟಿಯಾಗಿ ಬಾಯಿ ತೆಗೆದು ಮುಚ್ಚಿ. ಜೊತೆಗೆ ಇನ್ನೊಂದು ಯೋಚನೇನೂ ಬಂತು, ಕಳ್ಳನ ಥರ ಹಿತ್ತಲ ಬಾಗಿಲಿಂದ ಬಂತು. ಹೇಳದೇ ಇದ್ರೆ ಏನಾಗುತ್ತೆ? ಬಹುಶಃ ಏನೂ ಆಗಲ್ಲ. ಒಂದು ವರ್ಷ ತಡೆದು ಆಮೇಲೆ ಒಡೆದ್ರೆ ಹಳೇದಾಯ್ತು ಅಂತಾರೆ ಅಷ್ಟೇ.

ಬಾಗಿಲು ತೆಗೆದ ತಕ್ಷಣ ಜುಳುಜುಳು ಸದ್ದು. ಮಾವ ತಿರುಗಿ ನೋಡಿದ್ರು. ಎರಡು ದಿನದ ಗಡ್ಡದ ಒಳಗಿಂದ ನಗು.

"ಬಾರೇ ಬೋರ್ಡಮ್ಮ! ಕೇಳಿಸ್ತಾ? ಕೋಪ ಮಾಡ್ಕೋಬೇಡ, ತಡೆಯೋಕೆ ಆಗಲಿಲ್ಲ. ಒಂದು ಹನಿ ಇಲ್ಲ ನೋಡು, ಪೇಪರು ಗರಿಗರಿ."

ಅವಳು ಮಾತಾಡದೆ ಮೊಣಕಾಲೂರಿ ಫೋನಿನ ಬೆಳಕು ಸಂದಿಗೆ ಓರೆಯಾಗಿ ಹಿಡಿದ್ಲು. ನೇರ ಹಿಡಿದಾಗ ಸ್ವಚ್ಛ. ಓರೆ ಮಾಡಿದ ತಕ್ಷಣ ಎದ್ದು ಬಂತು, ಮುಂದಿನ ಗೋಡೆ ತಳಕ್ಕೆ ಸೇರೋ ಉದ್ದಕ್ಕೂ ಸಣ್ಣ ಸಣ್ಣ ಬೆಳ್ಳಿ ಎಳೆ, ಯಾರೋ ಸೂಜಿಯಿಂದ ಗೀಚಿ ಗೀಚಿ ಇಟ್ಟಂಗೆ. ಮಧ್ಯದಲ್ಲಿ ಒಂದು ಎಳೆ ಉಳಿದವಕ್ಕಿಂತ ಉದ್ದ.

"ಏನದು?"

ಪಕ್ಕದಲ್ಲೇ ಪೇಪರಿನ ಮೇಲೆ ಒಂದು ಒದ್ದೆ ಕಲೆ ಕಂಡು ಅವಳು ತಟ್ಟನೆ ಬಗ್ಗಿದ್ಲು. ಬೆರಳಿಟ್ಟು ಮೂಸಿದ್ಲು. ಟೀ.

"ನಂದೇ," ಅಂದ್ರು ಮಾವ, ತಪ್ಪು ಮಾಡಿದ ಮುಖ ಮಾಡ್ಕೊಂಡು. "ಲೋಟ ಅಲ್ಲಿಟ್ಟಿದ್ದೆ. ಅದಕ್ಕೆ ಅಷ್ಟು ಗಾಬರಿನಾ?"

"ಮಾವ, ಈ ಸಂಪು ನಿಲ್ಲಲ್ಲ."

ಹೇಳಿಬಿಟ್ಲು. ಒಂದು ಸಲ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. ಟಾರ್ಚು, ಹೊಳಪು, ಅಜ್ಜ, ಕೂದಲೆಳೆ, ಎಲ್ಲಾ ಒಂದೇ ಉಸಿರಲ್ಲಿ. "ಚೆನ್ನಾಗಿ ಕಾಣ್ಲಿ ಅಂತ ಮಾಡಿದ್ದು ಮಾವ. ಬೇಡದ ಕೆಲಸ. ಯಾರೂ ಕೇಳಿರ್ಲಿಲ್ಲ."

ಮಾವನ ಮುಖದಿಂದ ನಗು ಇಳೀತು. ತೊಟ್ಟಿ ನೋಡಿದ್ರು, ಸಂಪು ನೋಡಿದ್ರು. ಅತ್ತೆ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತ್ರು.

"ಎಷ್ಟು ದಿನ ತಡೆಯುತ್ತೆ?" ಅಂದ್ರು ಮಾವ.

"ಗೊತ್ತಿಲ್ಲ. ವರ್ಷ ತಡೀಬಹುದು. ಒಂದು ಗಂಟೆ ತಡೀಬಹುದು."

"ಇನ್ನೊಂದು ಮಾಡೋಕೆ?"

"ಈಗ ಹೋದ್ರೆ ಏಳು ಗಂಟೆಗೆ ಜೋಡಿಸಿ ಮುಗಿಸ್ತೀನಿ. ಆಮೇಲೆ ಈ ಸಲ ಅವಸರ ಬೇಡ, ಪೂರ್ತಿ ಇಪ್ಪತ್ನಾಲ್ಕು ಗಂಟೆ ಒಣಗಬೇಕು. ನೀರು ಖಾಲಿ ಮಾಡ್ಲಾ?"

"ಖಾಲಿ ಮಾಡಿದ್ರೆ ಮ್ಯಾನೇಜರ್ರು ನಾಳೆವರೆಗೆ ಇರಲ್ಲ ಕಣೇ." ಮಾವ ಕಿಟಕಿ ಕಟ್ಟೆ ಮೇಲಿನ ಕೊನೇ ನಳಿಕೆ ತೋರಿಸಿದ್ರು. ಹಾಗಲಕಾಯಿ ಸಿಪ್ಪೆ ಬಣ್ಣ. "ಓಡ್ತಾ ಇರ್ಲಿ. ಬ್ರೇಕು ಸರಿ ಇಲ್ಲ ಅಂತ ಘಟ್ಟದ ಮಧ್ಯ ಬಸ್ಸು ಬಿಟ್ಟು ಓಡೋಕಾಗುತ್ತಾ? ನಿಧಾನಕ್ಕೆ ಇಳಿಸ್ತೀನಿ. ನೀನು ಹೋಗಿ ಇನ್ನೊಂದು ಮಾಡು."

ಎದ್ದು ಅಟ್ಟದಿಂದ ಸಾಮಾನು ಬಿಗಿಯೋ ಪಟ್ಟಾ ತಂದ್ರು, ಬಸ್ಸಿನ ಕಾಲದ್ದು, ಹಲ್ಲುಚಕ್ರದ ಕಬ್ಬಿಣದ ಹಿಡಿ ಇರೋದು. ಸಂಪಿನ ಸುತ್ತ ಸುತ್ತಿ, ಗೋಡೆಗಳು ಒಳಗೆ ಒತ್ತಿಕೊಳ್ಳೋ ಹಾಗೆ ಒಂದೊಂದೇ ಹಲ್ಲು ಬಿಗಿದ್ರು, ಕಿವಿ ಕೊಟ್ಟು ಕೇಳ್ತಾ. ಕೆಳಗೆ ಅತ್ತೆಯ ಅಗಲದ ತಟ್ಟೆ ತೂರಿಸಿದ್ರು.

"ನನ್ನ ತಟ್ಟೇನಾ?" ಅಂದ್ರು ಅತ್ತೆ. ಆದ್ರೆ ಕೊಟ್ರು, ಎರಡನೇದೂ ತಂದುಕೊಟ್ರು.

ಅಜ್ಜನ ಅಂಗಡೀಲಿ ಉಳಿದಿದ್ದ ಅರ್ಧ ಶೀಟು ತಂದು ಬೋರ್ಡಮ್ಮ ಎರಡನೇ ಸಲ ಗರಗಸ ಹಾಕಿದ್ಲು. ಈ ಸಲ ಟಾರ್ಚನ್ನ ಕಪಾಟಲ್ಲಿಟ್ಟು ಬೀಗ ಹಾಕಿದ್ಲು, ತನ್ನ ಕೈ ಮೇಲೆ ತನಗೇ ನಂಬಿಕೆ ಇರ್ಲಿಲ್ಲ. ದಪ್ಪ ಗಾಜಿನ ಮೇಲೆ ಉಪ್ಪುಕಾಗದ ಹಾಸಿ ಅಂಚನ್ನ ಅದರ ಮೇಲೆ ತಳ್ಳಿದ್ಲು, ಎಳೆದ್ಲು, ತಳ್ಳಿದ್ಲು, ಎಳೆದ್ಲು. ಭುಜ ಹೋಯ್ತು. ಹಲ್ಲಿನ ಗೆರೆ ಹೋಗಿ ಅಂಚು ಸಪಾಟಾಯ್ತು, ಬಣ್ಣ ಮಾತ್ರ ಮಂಜು ಹಿಡಿದ ಕನ್ನಡಕದಂಗೆ. ಜೋಡಿಸಿ ಮುಗಿದಾಗ ಏಳೂ ಕಾಲು. ಬೆಳಕನ್ನ ಓರೆ ಹಿಡಿದು ನೋಡಿದ್ಲು. ನೇರ ಹಿಡಿದು ನೋಡಿದ್ಲು. ಏನೂ ಮಿಂಚಲಿಲ್ಲ. ಆದ್ರೂ ನಂಬಿಕೆ ಬರಲಿಲ್ಲ.

ಅವತ್ತು ರಾತ್ರಿಯಿಂದ ಮಾವನ ಫೋನು ಬಂದಾಗೆಲ್ಲ ಸಂಪಿನ ಕೆಳಗಿನ ತಟ್ಟೆ ಬಗ್ಗೆ ಒಂದೇ ಮಾತು. "ಒಣಗಿದೆ." ಹಲೋ ಇಲ್ಲ, ಏನಿಲ್ಲ. ಬೆಳಿಗ್ಗೆ ಆರಕ್ಕೆ "ಒಣಗಿದೆ." ಎಂಟಕ್ಕೆ "ಒಣಗಿದೆ, ಹಸಿರು ಸ್ವಲ್ಪ ಇಳಿದಿದೆ." ಹನ್ನೊಂದಕ್ಕೆ ಫೋನ್ ಬಂದಿದ್ದು ಅತ್ತೆಯಿಂದ. "ಒಣಗಿದೆಯಂತೆ. ನಿಮ್ಮ ಮಾವ ಕೂತಲ್ಲೇ ತೂಕಡಿಸ್ತಾ ಇದ್ದಾರೆ, ನಾನು ಕಾವಲು. ಈ ವಯಸ್ಸಲ್ಲಿ ಸವತಿಗೆ ಕಾವಲು ಕೂರೋ ಭಾಗ್ಯ ನೋಡು ನಂದು."

ಮೂರು ಗಂಟೆಗೆ ಮತ್ತೆ ಮಾವ.

"ತಟ್ಟೇಲಿ ಟಿಕ್ ಅಂತು."

ಅವಳು ಹೋಗೋ ಹೊತ್ತಿಗೆ ಹತ್ತು ಸೆಕೆಂಡಿಗೆ ಒಂದು ಹನಿ ಬೀಳ್ತಿತ್ತು. ಆ ಉದ್ದದ ಎಳೆ ಈಗ ಗೇಣುದ್ದ ಆಗಿತ್ತು. ಹೊಸ ಸಂಪನ್ನ ಆಟೋದಲ್ಲಿ ಮಗು ಥರ ತೊಡೆ ಮೇಲಿಟ್ಕೊಂಡು ಬಂದಿದ್ಲು.

"ಈಗ್ಲೇ ಬದಲಾಯಿಸೋಣ ಮಾವ. ಇಪ್ಪತ್ತು ಗಂಟೆ ಆಗಿದೆ, ಹೆಚ್ಚುಕಮ್ಮಿ ಒಣಗಿರುತ್ತೆ."

"ಹೆಚ್ಚುಕಮ್ಮಿ ಅಂದ್ರೆ ಹೆಚ್ಚೋ ಕಮ್ಮಿಯೋ?"

ಅವಳು ಹೊಸ ಸಂದಿ ಮೇಲೆ ಉಗುರು ಒತ್ತಿ ನೋಡಿದ್ಲು.

"ಇಪ್ಪತ್ನಾಲ್ಕು ಅಂದೆ ನೀನು. ನಿನ್ನ ಬಾಯಿಂದ ಬಂದ ಮಾತು. ಏಳೂ ಕಾಲಿಗೆ ನಾಲ್ಕು ಗಂಟೆ ಇದೆ, ಕಾಯೋಣ." ಮಾವ ಪಟ್ಟಾದ ಹಿಡಿ ಹಿಡಿದು ಇನ್ನೊಂದು ಹಲ್ಲು ಬಿಗಿದ್ರು. ಸಂಪಿಂದ ಸಣ್ಣಗೆ ಕಿರ್ ಅಂತ ಸದ್ದು ಬಂತು. ಮೂರೂ ಜನ ಅಲ್ಲಾಡಲಿಲ್ಲ. ಹನಿ ನಿಂತಿತು. ಒಂದು, ಎರಡು, ಮೂರು ಅಂತ ಅತ್ತೆ ಬಾಯಲ್ಲೇ ಎಣಿಸಿದ್ರು. ಇಪ್ಪತ್ತಕ್ಕೆ ಮತ್ತೆ ಬಿತ್ತು.

"ಇಪ್ಪತ್ತು ಪರವಾಗಿಲ್ಲ," ಅಂದ್ರು ಮಾವ.

ಐದು ಗಂಟೆಗೆ ಆ ಎಣಿಕೆ ಹದಿನೈದಾಯ್ತು. ಆರಕ್ಕೆ ಎಂಟು. ತಟ್ಟೆ ತುಂಬಿದ ಹಾಗೆ ಅತ್ತೆ ಒಂದನ್ನ ಎಳೆದು ಇನ್ನೊಂದನ್ನ ತೂರಿಸ್ತಿದ್ರು. ಒಂದು ಸಲವೂ ಚೆಲ್ಲಲಿಲ್ಲ. ಬೋರ್ಡಮ್ಮ ಹೊಸ ಸಂಪಿನ ಪಕ್ಕ ಕೂತು ಸಂದಿ ಮೇಲೆ ಬೆರಳು ಓಡಿಸ್ತಾನೇ ಇದ್ಲು.

"ಅದನ್ನ ಸವೆಸಬೇಡ," ಅಂದ್ರು ಮಾವ.

ಏಳಕ್ಕೆ ಹನಿ ಎಣಿಸೋಕೆ ಆಗ್ಲಿಲ್ಲ, ದಾರ ಆಗಿತ್ತು. ಏಳೂ ಕಾಲಿಗೆ ಮೋಟರ್ ನಿಲ್ಲಿಸಿದ್ರು. ನೀರು ಮಗ್‌ನಲ್ಲಿ ತೋಡಿ, ಉಂಗುರಗಳನ್ನ ಬಕೆಟ್ಟಿಗೆ ಹಾಕಿ, ಪಟ್ಟಾ ಸಡಿಲಿಸಿದ್ರು. ಮುಂದಿನ ಗೋಡೆ ಯಾರೂ ಮುಟ್ಟದೇ, ಟಪ್ ಅಂತ, ಪೂರ್ತಿಯಾಗಿ ಮುಂದಕ್ಕೆ ಮಲಗಿತು. ವಜ್ರದಂಥ ಅಂಚು ಇನ್ನೂ ಹೊಳೀತಾನೇ ಇತ್ತು.

ಮಾವ ಅದನ್ನ ಎತ್ತಿ ಗೋಡೆಗೆ ಒರಗಿಸಿ, ಹೊಸದನ್ನ ಒಳಗೆ ತಳ್ಳಿದ್ರು.

ಸಂಪು ತುಂಬಿದ ಮೇಲೆ ಮಾವ ಸ್ವಿಚ್ಚಿನ ಹತ್ರ ಕೈ ತಗೊಂಡು ಹೋಗಿ ಹಿಂದಕ್ಕೆ ತಗೊಂಡ್ರು. "ನೀನೇ ಹಾಕು."

"ನೀವೇ ಹಾಕಿ ಮಾವ, ನನಗೆ ಭಯ."

"ನನಗೆ ಇನ್ನೂ ಭಯ. ಹಾಕು."

ಹಾಕಿದ್ಲು. ಗುಂಯ್ ಅಂತು, ಗುಳುಗುಳು ಅಂತು, ಮೇಲೆ ನೀರು ಬಿತ್ತು. ಅವಳು ಒಣ ಪೇಪರಿನ ಮೇಲೆ ಅಂಗೈ ಊರಿ ಕೂತ್ಲು. ಹತ್ತು ನಿಮಿಷ. ಅರ್ಧ ಗಂಟೆ. ಅಂಗೈ ಬೆವರಿ ಪೇಪರ್ ಒದ್ದೆಯಾಯ್ತು, ಒಂದು ಕ್ಷಣ ಜೀವ ಹೋಗಿ ಬಂತು, ಕೈ ಒರೆಸಿಕೊಂಡು ಬೇರೆ ಪೇಪರ್ ಹಾಸಿದ್ಲು.

ಹಿಂದೆ ಗೊರಕೆ ಕೇಳಿಸ್ತು. ಮಾವ ಕುರ್ಚಿ ಮೇಲೆ ಕತ್ತು ವಾಲಿಸಿ ನಿದ್ದೆ ಹೋಗಿದ್ರು, ಪಟ್ಟಾದ ಹಿಡಿ ಇನ್ನೂ ಕೈಯಲ್ಲೇ. ಅತ್ತೆ ಬಂದು ಅದನ್ನ ಬಿಡಿಸಿಕೊಂಡ್ರು, ಮೆತ್ತಗೆ. ಆಮೇಲೆ ಕಪಾಟಿಂದ ಮೀನಿನ ಕಾಳಿನ ಡಬ್ಬಿ ತೆಗೆದು, ಗಂಡನ ಕಡೆ ಒಂದು ಸಲ ನೋಡಿ, ಒಂದೇ ಒಂದು ಕಾಳು ತೊಟ್ಟಿಗೆ ಹಾಕಿದ್ರು.

ಮ್ಯಾನೇಜರ್ರು ಮೂಲೆಯಿಂದ ನೋಡಿದ್ರು. ಕಾಳು ಮುಳುಗ್ತಾ ಬಂತು. ಬಾಯಿ ತೆಗೆದ್ರು, ಒಳಗೆ ಹೋಯ್ತು. ಉಗುಳಿದ್ರು. ಬೋರ್ಡಮ್ಮನ ಅಂಗೈ ಪೇಪರಿನ ಮೇಲೇ ಇತ್ತು, ಕಣ್ಣು ತೊಟ್ಟಿ ಮೇಲೆ. ಮೀನು ಕಾಳಿನ ಸುತ್ತ ಒಂದು ಸುತ್ತು ಬಂದು, ಮತ್ತೆ ಬಾಯಿಗೆ ಹಾಕ್ಕೊಂಡ್ತು. ಈ ಸಲ ಅಗಿಯೋದು ಕಂಡಿತು.

"ಇನ್ನೊಂದು ಹಾಕ್ಲಾ?" ಅಂದ್ರು ಅತ್ತೆ ಪಿಸುಗುಟ್ಟುತ್ತಾ.

"ಮಾವನ್ನ ಎಬ್ಬಿಸಿ ಕೇಳಿ."

"ಬೇಡ ಬೇಡ, ಮಲಗ್ಲಿ," ಅಂತ ಅತ್ತೆ ಡಬ್ಬಿ ಒಳಗೆ ಎರಡು ಬೆರಳು ಹಾಕಿದ್ರು.